ಐವತ್ತು ನಿಮಿಷದ ಸಂಧಿ

ಜನವರಿ ೯

ಹ್ರಸ್ವಳಿಗೆ,

ಈ ಹೆಸರಿನಿಂದ ನಿನ್ನನ್ನು ಕರೆದು ಒಂಬತ್ತು ವರ್ಷವಾಯಿತು. ಮರೆತಿದ್ದರೆ ಜ್ಞಾಪಿಸುತ್ತೇನೆ: ವ್ಯಾಕರಣದ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ತಪ್ಪಿಗೆ ಉದ್ದಕ್ಕಿದ್ದ ನಾನು ದೀರ್ಘ, ಗಿಡ್ಡಗಿದ್ದ ನೀನು ಹ್ರಸ್ವ. ನಮ್ಮಿಬ್ಬರನ್ನೂ ಊಟಕ್ಕೆ ಎಳೆದೆಳೆದು ಕೂಗುತ್ತಿದ್ದ ಅಮ್ಮ ಪ್ಲುತ. ನಮ್ಮ ಕಾಗದಗಳೂ ಹೆಸರಿಗೆ ತಕ್ಕಂತೆಯೇ ಇರುತ್ತಿದ್ದವು. ನಾನು ನಾಲ್ಕು ಪುಟ ಬರೆದರೆ ನೀನು ನಾಲ್ಕು ಸಾಲು.

ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿಗೆ ಒಬ್ಬರು ಅಡ್ಡಬಾಯಿ ಹಾಕುತ್ತೇವೆ. ಕಾಗದದಲ್ಲಿ ಅದು ಆಗದ ಮಾತು. ನಾನು ಮುಗಿಸುವ ತನಕ ನೀನು ಬಾಯಿ ಮುಚ್ಚಿಕೊಂಡು ಓದಲೇಬೇಕು. ಅಂಚೆಯವರ ಈ ಉಪಕಾರವನ್ನು ಯಾರೂ ಗುರುತಿಸಿದಂತಿಲ್ಲ.

ಈಗ ಸುದ್ದಿ. ಅಪ್ಪ ಮದುವೆಯಾಗುತ್ತಿದ್ದಾರೆ. ಮಕ್ಕಳ ಮದುವೆ ನೋಡುವ ಭಾಗ್ಯ ನಾವು ಅವರಿಗೆ ಕೊಡಲಿಲ್ಲ, ಅಪ್ಪನ ಮದುವೆ ನೋಡುವ ಭಾಗ್ಯ ಅವರು ನಮಗೆ ಕೊಡುತ್ತಿದ್ದಾರೆ. ಹೆಣ್ಣು ನಮ್ಮ ಲೈಬ್ರರಿ ಮೇಡಂ. ಅಪ್ಪ ಯಾವ ಹೊತ್ತಿಗೆಯನ್ನೂ ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿದವರಲ್ಲ. ಕೇಳಿ ಕೇಳಿ ಸಾಕಾಗಿ ಮೇಡಂ ಪುಸ್ತಕಗಳಿರುವಲ್ಲಿಗೇ ಬಂದುಬಿಡುತ್ತಿದ್ದಾರೆ ಎಂಬುದು ನನ್ನ ಊಹೆ.

ಏಪ್ರಿಲ್ ಹದಿನೇಳು, ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ. ಮೂವರು ಸಾಕ್ಷಿ ಬೇಕು. ಒಬ್ಬರು ಮೇಡಂ ಅವರ ತಮ್ಮ, ಇನ್ನೊಬ್ಬರು ಅಪ್ಪನ ಕ್ಷೌರದಂಗಡಿಯವರು. ಮೂರನೆಯವಳು ನಾನು. 'ಮೊದಲ ಹೆಂಡತಿಯ ಮಕ್ಕಳಲ್ಲಿ ಒಬ್ಬರಾದರೂ ಎದುರಿಗೆ ನಿಂತು ಸಹಿ ಹಾಕದೆ ನಾನು ಹಾಕುವುದಿಲ್ಲ' ಎಂದು ಮೇಡಂ ಹಟ ಹಿಡಿದಿದ್ದಾರಂತೆ. ಅಂದರೆ ನಾನು ಹೋಗದಿದ್ದರೆ ಮದುವೆಯೇ ಇಲ್ಲ.

ಇಲ್ಲಿಂದ ನೇರ ವಿಮಾನ ನಿಂತುಹೋಗಿದೆ. ನಾನು ಇನ್ನೂ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲೇ ಇದ್ದೇನೆ. ಈ ಊರಿನ ಮುದುಕರೆಲ್ಲ ನಗುವುದು ನನ್ನ ಹಲ್ಲಿನಿಂದ, ಆದರೆ ಬುಧವಾರಕ್ಕಿಂತ ಮುಂಚೆ ರಜೆ ಕೊಡಲು ಮಾಲೀಕರಿಗೆ ಸ್ವಂತ ಹಲ್ಲಿನಿಂದಲೂ ನಗು ಬರುವುದಿಲ್ಲ. ಕೊನೆಗೆ ಸಿಕ್ಕಿದ್ದು ಇದೊಂದು ಟಿಕೆಟ್ಟು: ನೀನು ಕೆಲಸ ಮಾಡುವ ವಿಮಾನ ನಿಲ್ದಾಣದಲ್ಲಿ ಇಳಿದು, ಊರಿಗೆ ಹೋಗುವ ಅಂದಿನ ಕೊನೆಯ ವಿಮಾನ ಹಿಡಿಯಬೇಕು. ನಡುವೆ ಐವತ್ತು ನಿಮಿಷದ ಸಂದಿ. ವಿಮಾನ ಬದಲಿಸುವವರ ಕೌಂಟರಿನಲ್ಲಿ ಇಷ್ಟು ವರ್ಷ ಕೂತವಳು ನೀನು. ಸಾಲುತ್ತದೆಯೇ, ಹೇಳು.

ಇತಿ,
ದೀರ್ಘ

ಫೆಬ್ರವರಿ ೨

ಅಕ್ಕ,

ಸಾಲುತ್ತದೆ, ಹೇಳಿದ ಹಾಗೆ ಕೇಳಿದರೆ.

ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿವೆಯೇ ನೋಡಿಕೋ. ಇದ್ದರೆ ತಡವಾದಾಗ ಹೊಣೆ ಕಂಪನಿಯದು, ಇಲ್ಲದಿದ್ದರೆ ನಿನ್ನದು. ಪೆಟ್ಟಿಗೆ ಬೇಡ, ಕೈಚೀಲ ಸಾಕು. ಎರಡನೇ ವಿಮಾನದ ಬೋರ್ಡಿಂಗ್ ಪಾಸನ್ನು ಅಲ್ಲೇ ತೆಗೆದುಕೊಂಡು ಬಾ. ಮುಂದಿನ ಸಾಲಿನಲ್ಲಿ ಸೀಟು ಕೇಳು. ಶೌಚಾಲಯದ ಕೆಲಸ ವಿಮಾನದಲ್ಲೇ ಮುಗಿಸು. ಇಳಿದ ಕೂಡಲೆ ಎಲ್ಲರೂ ಬಲಕ್ಕೆ ಹೋಗುತ್ತಾರೆ. ಅವರು ಊರೊಳಗೆ ಹೋಗುವವರು, ಅವರ ಹಿಂದೆ ಹೋಗಬೇಡ. ನೀನು ಎಡಕ್ಕೆ. ಮತ್ತೊಮ್ಮೆ ತಪಾಸಣೆ ಇರುತ್ತದೆ, ಬೂಟು ಬಿಚ್ಚಿಸುತ್ತಾರೆ. ಲೇಸಿನ ಬೂಟು ಬೇಡ.

ವಿಮಾನ ಹೊರಡುವ ಹದಿನೈದು ನಿಮಿಷ ಮುಂಚೆ ಬಾಗಿಲು ಮುಚ್ಚುತ್ತಾರೆ. ಮುಚ್ಚಿದ ಮೇಲೆ ಯಾರು ಬಂದರೂ ತೆರೆಯುವುದಿಲ್ಲ. ಈ ಮಾತನ್ನು ನಾನು ದಿನವೂ ಹೇಳುತ್ತೇನೆ, ಎದುರಿಗಿರುವವರು ಅಳುತ್ತಿರುವಾಗ.

ಅಪ್ಪ ನನಗೂ ಬರೆದಿದ್ದರು. ನನಗೆ ರಜೆ ಇಲ್ಲ.

ಹ್ರ.

ಫೆಬ್ರವರಿ ೨೦

ಹ್ರಸ್ವಳಿಗೆ,

ನಿನ್ನ ಕಾಗದ ಓದಿದೆ. ವಿಮಾನದ ಸೀಟಿನ ಜೇಬಿನಲ್ಲಿ ಸಿಕ್ಕಿಸಿಟ್ಟಿರುತ್ತಾರಲ್ಲ, ಅಪಾಯ ಬಂದರೆ ಏನು ಮಾಡಬೇಕು ಅಂತ, ಆ ಹಾಳೆಗೂ ಇದಕ್ಕೂ ಒಂದೇ ವ್ಯತ್ಯಾಸ. ಅದರಲ್ಲಿ ಚಿತ್ರ ಇರುತ್ತದೆ, ಚಿತ್ರದ ಹೆಂಗಸು ನೀರಿಗೆ ಹಾರುವಾಗಲೂ ನಗುತ್ತಿರುತ್ತಾಳೆ.

ಆದರೂ ಎಲ್ಲ ಪಾಲಿಸುತ್ತಿದ್ದೇನೆ. ಲೇಸಿಲ್ಲದ ಬೂಟು ಕೊಂಡೆ. ಇಂಥ ಹೊತ್ತಿನಲ್ಲಿ ಲೇಸಿಲ್ಲದಿರುವುದೇ ಲೇಸು. ಎಡಕ್ಕೆ ತಿರುಗು ಅಂದೆ. ಮನೆಯಲ್ಲಿ ಎಡವಟ್ಟು ಅಂತ ಹೆಸರು ತೆಗೆದುಕೊಂಡವಳೇ ನಾನು, ಆ ದಿಕ್ಕು ಮರೆಯುವುದುಂಟೇ? ಟಿಕೆಟ್ಟು ಒಂದೇ. ಮುಂದಿನ ಸಾಲಿನ ಸೀಟಿಗೆ ಹೆಚ್ಚು ದುಡ್ಡು ಕೇಳಿದರು, ಹಲ್ಲು ಕಚ್ಚಿಕೊಂಡು ಕೊಟ್ಟೆ. ಕಚ್ಚಿದ್ದು ಸ್ವಂತದ್ದೇ.

ಒಂದೇ ಒಂದು ಅನುಮಾನ ಉಳಿಯಿತು. ಇಷ್ಟೆಲ್ಲ ಗೊತ್ತಿರುವವಳು ನೀನು ಒಂಬತ್ತು ವರ್ಷದ ಹಿಂದೆ ಅವತ್ತು ಹೇಗೆ? ವಿಮಾನ ಅಂದರೆ ಕಿವಿಯೋಲೆಯ ತಿರುಪೇ, ಕೈಜಾರಿ ಬಿದ್ದು ಸಿಗದೆ ಹೋಗಲು? ಮೂರಂತಸ್ತಿನ ಮನೆಯಷ್ಟಿರುತ್ತದೆ. ಅಮ್ಮ ಬಚ್ಚಲಿನಲ್ಲಿ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಕಾಲಿನಿಂದ ಶುರುವಾದದ್ದು ಎದೆಗೆ ಹೋಗಿತ್ತು. ನೀನು ಹೊರಟು ಬರುತ್ತಿದ್ದೆ. ಇದೇ ನಿಲ್ದಾಣದಿಂದ ನಿನ್ನ ಸಂದೇಶ ಬಂತು: 'ವಿಮಾನ ತಪ್ಪಿಸಿಕೊಂಡೆ.' ನೀನು ಮಾರನೇ ದಿನ ಬಂದು ಮುಟ್ಟಿದೆ. ಅಷ್ಟರಲ್ಲಿ ಅಮ್ಮ ಇರಲಿಲ್ಲ.

ವಿಮಾನ ತಾನಾಗಿ ಹೋಗಿದ್ದರೆ 'ತಪ್ಪಿತು' ಅನ್ನಬೇಕು. ಕಳ್ಳ ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾನೆ, ಹುಡುಗರು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಾರೆ. 'ತಪ್ಪಿಸಿಕೊಂಡೆ' ಅಂದರೆ ಬೇಕೆಂದೇ ನುಣುಚಿಕೊಂಡೆ ಅಂತ. ಅಳುವವರನ್ನು ನೋಡಲು ನಿನಗೆ ಮೊದಲಿಂದಲೂ ಆಗುತ್ತಿರಲಿಲ್ಲ, ನನಗೆ ಗೊತ್ತು. ತಪ್ಪು ಹುಡುಕುತ್ತಿಲ್ಲ. ಬರೀ ವ್ಯಾಕರಣ ಕೇಳುತ್ತಿದ್ದೇನೆ.

ಇತಿ,
ದೀರ್ಘ

ಮಾರ್ಚ್ ೩

ಅಕ್ಕ,

ಬರೀ ವ್ಯಾಕರಣವಾಗಿದ್ದರೆ ಆಸ್ಪತ್ರೆಯ ವರಾಂಡದಲ್ಲಿ ನಿಂತು, ಚಿಕ್ಕಪ್ಪ ಅತ್ತೆ ಎಲ್ಲರ ಮುಂದೆ, ನನ್ನ ಸಂದೇಶವನ್ನು 'ಸಿಕೊಂಡೆ'ಗೆ ಒತ್ತು ಕೊಟ್ಟು ಕೊಟ್ಟು ಓದುತ್ತಿರಲಿಲ್ಲ ನೀನು. ನಾನು ಬಂದಾಗ ಒಬ್ಬರೂ ನನ್ನ ಮುಖ ನೋಡಲಿಲ್ಲ. ನನಗಿಂತ ಮೊದಲು ನನ್ನ ಅರ್ಥ ಬಂದು ಮುಟ್ಟಿತ್ತು.

'ಬಸ್ಸು ತಪ್ಪಿಸಿಕೊಂಡೆ' ಅಂತ ಲೋಕದಲ್ಲಿ ಯಾರೂ ಹೇಳುವುದಿಲ್ಲವೇ? ಅವರೆಲ್ಲ ಕಳ್ಳರೇ?

ಎಡಕ್ಕೆ ಬಂದರೆ ನನ್ನ ಕೌಂಟರು ಸಿಗುತ್ತದೆ. ಅದಕ್ಕಿಂತ ಮುಂಚೆ ಒಂದು ಗಾಜಿನ ಲಿಫ್ಟು ಇದೆ. ಅದರಲ್ಲಿ ಮೇಲೆ ಹೋಗಿ ಸುತ್ತಿಕೊಂಡು ಇಳಿದರೆ ಕೌಂಟರಿನ ಮುಂದೆ ಬರಬೇಕಾಗಿಲ್ಲ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ. ಹಾಗೇ ಹೋಗು.

ಹ್ರ.

ಮಾರ್ಚ್ ೨೨

ಹ್ರಸ್ವಾ,

ನಿನ್ನಕ್ಕ ನನಗೂ ಬರೆದಿದ್ದಾಳೆ. 'ಐವತ್ತು ನಿಮಿಷದ ಸಂದಿ' ಎಂದಿತ್ತು. ಸಂದಿ ಎಂದರೆ ಎರಡು ಗೋಡೆಗಳ ನಡುವಿನ ಇಕ್ಕಟ್ಟು. ಸಂಧಿ ಎಂದರೆ ಎರಡು ಬಂದು ಕೂಡುವುದು. ಒಂದು ಮಹಾಪ್ರಾಣದ ವ್ಯತ್ಯಾಸ. ತಿದ್ದಿ ಕಳಿಸಿದೆ. 'ಉಸಿರು ಸಾಲದೆ ಬಿಟ್ಟೆ' ಎಂದು ಉತ್ತರ ಬಂತು.

ನಿನ್ನ ಕ್ರಿಯಾಪದದ ಬಗ್ಗೆ ನನ್ನ ತೀರ್ಪು ಏನು ಎಂದು ನೀವಿಬ್ಬರೂ ಆಗ ಬೇರೆ ಬೇರೆಯಾಗಿ ಬಂದು ಕೇಳಿದಿರಿ. ನಾನು ಬಾಯಿ ಬಿಡಲಿಲ್ಲ. ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದವನು ನಾನು. ಅಂಕ ಹಾಕದೆ ಬಿಟ್ಟ ಉತ್ತರ ಅದೊಂದೇ. ಪ್ರಶ್ನೆಯೇ ಸರಿಯಿರಲಿಲ್ಲ.

ಲೈಬ್ರರಿಯವರು ಮೊನ್ನೆ ಕೇಳಿದರು, "ಮಕ್ಕಳು ಎರಡು ಸಂಪುಟ ಅಂದಿದ್ದಿರಿ, ಒಂದೇ ಬರ್ತಿದೆಯಲ್ಲ?" ಅಂತ. "ಇನ್ನೊಂದು ಹೊರಗೆ ಹೋಗಿದೆ, ವಾಪಸು ಬಂದಿಲ್ಲ" ಎಂದೆ. "ಎಷ್ಟು ದಿನ ಆಯ್ತು?" ಎಂದರು. ಹೇಳಿದೆ. "ದಂಡ ಮನ್ನಾ ಮಾಡಿದ್ದೀನಿ ಅಂತ ಬರೀರಿ" ಎಂದರು. ಬರೆದಿದ್ದೇನೆ.

ನಿನ್ನಕ್ಕ ಹೊಸ ಬೂಟು ಹಾಕಿಕೊಂಡು ದಿನವೂ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದಾಳಂತೆ. ಅವಳ ಎಡಮಂಡಿ ಸರಿಯಿಲ್ಲ. ಅದನ್ನು ನಿನಗೆ ಬರೆದಿರಲಾರಳು.

ನಿನ್ನ ಅಪ್ಪ,
ಸದ್ಯಕ್ಕೆ ಬ್ರಹ್ಮಚಾರಿ

ಏಪ್ರಿಲ್ ೫

ಅಕ್ಕ,

ಗಾಜಿನ ಲಿಫ್ಟು ಕೆಟ್ಟು ನಿಂತಿದೆ. ನೀನು ಬರುವಷ್ಟರಲ್ಲಿ ಸರಿಹೋಗುವುದಿಲ್ಲ. ಮೇಲಿನ ದಾರಿ ಇಲ್ಲ ಅಂತ ತಿಳಿ.

ವಿಮಾನದ ಬಾಗಿಲ ಹತ್ತಿರ ನಾನೇ ನಿಂತಿರುತ್ತೇನೆ. ಮಾತು ಬೇಡ. ನನ್ನ ಹಿಂದೆ ಬಾ.

ಮಂಡಿಗೆ ಪಟ್ಟಿ ಕಟ್ಟಿಕೊಂಡಿರು.

ಹ್ರ.

ಏಪ್ರಿಲ್ ೧೬, ಸಂಜೆ

ಅಪ್ಪಾ,

ಫೋನಿಗೆ ಕಳಿಸಿದ ಒಂದು ಸಾಲು ತಲುಪಿರಬೇಕು. ಇದು ಅದರ ಭಾವಾರ್ಥ. ಬರೆಯುತ್ತಿರುವುದು ನಾನು, ಹಾಳೆ ನಿಮ್ಮ ಚಿಕ್ಕ ಮಗಳ ಕೌಂಟರಿನದು. ಬರೆದದ್ದನ್ನು ಫೋಟೋ ತೆಗೆದು ಕಳಿಸುತ್ತೇವೆ. ಅವಳು ಪಕ್ಕದಲ್ಲೇ ಇನ್ನೊಂದು ಪೆನ್ನು ಹಿಡಿದು ಕೂತಿದ್ದಾಳೆ, ಯಾಕೋ ಗೊತ್ತಿಲ್ಲ. (ತಿದ್ದಲಿಕ್ಕೆ. — ಹ್ರ)

ಕಾಗದದಲ್ಲಿ ಅಡ್ಡಬಾಯಿ ಹಾಕಲಾಗದು ಎಂದು ನಾನು ಜನವರಿಯಲ್ಲಿ ಬರೆದಿದ್ದೆ. ವಾಪಸು ತೆಗೆದುಕೊಳ್ಳುತ್ತೇನೆ.

ವಿಮಾನ ಇಳಿಯುವುದೇ ಸ್ವಲ್ಪ ತಡವಾಯಿತು. ಬಾಗಿಲಲ್ಲಿ ನಿಂತಿದ್ದಳು. ಒಂಬತ್ತು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು "ಬ್ಯಾಗ್ ಕೊಡು." ಎರಡನೆಯದು "ಬೇಗ." ದಪ್ಪಗಾಗಿದ್ದಾಳೆ. (ಯೂನಿಫಾರ್ಮು ಹಾಗೆ ಹೊಲಿದಿದ್ದಾರೆ. — ಹ್ರ) ಎಲ್ಲರೂ ಬಲಕ್ಕೆ ಹೋದರು, ನಾವು ಎಡಕ್ಕೆ. ದಾರಿಯಲ್ಲಿ ಗಾಜಿನ ಲಿಫ್ಟು ಸಿಕ್ಕಿತು, ಜನರನ್ನು ತುಂಬಿಕೊಂಡು ಆರಾಮಾಗಿ ಮೇಲೆ ಹೋಗುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. (ಬೆಳಗ್ಗೆಯಷ್ಟೇ ರಿಪೇರಿಯಾಯಿತು. — ಹ್ರ)

ತಪಾಸಣೆಯಲ್ಲಿ ಬೂಟು ಸಲೀಸಾಗಿ ಬಿಚ್ಚಿತು, ಸಿಕ್ಕಿಬಿದ್ದದ್ದು ನೀವು. ಮದುವೆಯ ಫೋಟೋದಲ್ಲಿ ಬಾಯಿ ಬಿಟ್ಟು ನಗಲಿ ಅಂತ ನಿಮಗೆ ಹೊಸ ಹಲ್ಲಿನ ಸೆಟ್ ಮಾಡಿ ತಂದಿದ್ದೆ. ಕಳೆದ ಸಲ ತೆಗೆದ ಅಚ್ಚು ಲ್ಯಾಬಿನಲ್ಲಿತ್ತು. ಪರದೆಯ ಮೇಲೆ ನನ್ನ ಚೀಲದೊಳಗಿಂದ ಯಾರೋ ನಗುತ್ತಿರುವುದನ್ನು ಕಂಡು ಅಧಿಕಾರಿ ಡಬ್ಬಿ ಬಿಚ್ಚಿಸಿದ. ಯಾರದು ಅಂದ. ಮದುವೆ ಗಂಡಿನದು ಅಂದೆ. ಗಂಡು ಎಲ್ಲಿ ಅಂದ. ಉಳಿದ ಭಾಗ ಊರಲ್ಲಿದೆ ಅಂದೆ. ಅವನು ಇನ್ನೊಬ್ಬ ಅಧಿಕಾರಿಯನ್ನು ಕರೆದ. (ಇಂಥ ಕಡೆ ತಮಾಷೆ ಮಾಡಬಾರದು ಅಂತ ನಾನು ಬರೆಯಲು ಮರೆತಿದ್ದೆ. ಬರೆದಿದ್ದರೂ ಮಾಡುತ್ತಿದ್ದಳು. — ಹ್ರ) ಇವಳು ಅವರ ಭಾಷೆಯಲ್ಲಿ ಅದೇನೋ ಹೇಳಿ ಬಿಡಿಸಿಕೊಂಡಳು.

ಆಮೇಲೆ ಶುರುವಾಯಿತು ದಾರಿ. ವಿಮಾನ ಮೂರಂತಸ್ತಿನ ಮನೆಯಷ್ಟಿರುತ್ತದೆ ಎಂದು ಇವಳಿಗೆ ಬರೆದಿದ್ದೆ. ಅದು ನಿಜ. ಆದರೆ ಆ ಮನೆಯ ಬಾಗಿಲು ಊರಾಚೆ ಇರುತ್ತದೆ, ಬಾಗಿಲಿನ ನಂಬರು ಕಣ್ಣಿಗೆ ಕಂಡಷ್ಟೂ ಹಿಂದೆ ಸರಿಯುತ್ತದೆ. ಒಂದು ಕಡೆ ಮಂಡಿ ಮುಷ್ಕರ ಹೂಡಿತು, ಕಂಬ ಹಿಡಿದು ನಿಂತೆ. ಕೈಯಲ್ಲಿ ಫೋನು ಹಿಡಿದು, ಅಳಬಾರದು ಅಂತ ಅವಡುಗಚ್ಚಿ ಅವತ್ತು ಇವಳು ಒಬ್ಬಳೇ ಇಲ್ಲಿ ಓಡಿದ್ದು ಹೇಗಿದ್ದಿರಬೇಕು ಅಂತ ಆಗ ಒಂದು ಅಂದಾಜು ಸಿಕ್ಕಿತು. ನಾನು ಒಬ್ಬಳೇ ಇರಲಿಲ್ಲ. ಇವಳು ಏನೂ ಹೇಳದೆ ಬಂದು ನನ್ನ ತೋಳಿನ ಕೆಳಗೆ ಭುಜ ಕೊಟ್ಟಳು. ಗಿಡ್ಡಗಿರುವುದು ಅದಕ್ಕೆ ಸರಿಯಾಗಿ ಹೊಂದುತ್ತದೆ.

ಗೇಟು ತಲುಪಿದಾಗ ಬಾಗಿಲು ಇನ್ನೂ ತೆರೆದೇ ಇತ್ತು. ಏಳು ನಿಮಿಷ ಇದೆ ಅಂದಳು. ಗೆದ್ದೆವು. ಹತ್ತಿ ಕೂತಿದ್ದರೆ ಈ ಕಾಗದ ಇರುತ್ತಿರಲಿಲ್ಲ.

ತಪ್ಪು ನನ್ನದೇ ಅಂತ ಇವಳು ಬರೆಸುತ್ತಿದ್ದಾಳೆ. ಉಸಿರು ವಾಪಸು ಬಂದ ಕೂಡಲೆ, "ಸರಿ, ಇಷ್ಟು ಹೊತ್ತು ಮಾತಾಡಬೇಡ ಅಂದಿದ್ದಕ್ಕೆ ಸುಮ್ಮನಿದ್ದೆ. ಈಗ ಹೇಳು, 'ತಪ್ಪಿತು' ಅಂತ ಯಾಕೆ ಬರೀಲಿಲ್ಲ?" ಅಂದುಬಿಟ್ಟೆ.

"ಅಕ್ಕಾ, ವಿಮಾನ ಹತ್ತು."

"ಹತ್ತುತ್ತೀನಿ, ಹೇಳು. 'ಕೊಳ್ಳು' ಸೇರಿದ್ರೆ ಅದು ತನಗೋಸ್ಕರ ಮಾಡ್ಕೊಂಡಿದ್ದು ಅಂತ. ತಗೊಂಡೆ, ಇಟ್ಕೊಂಡೆ, ಬಚ್ಚಿಟ್ಕೊಂಡೆ..."

"ಎಲ್ಲ ಕಡೆ ಅಲ್ಲ."

"ಎಲ್ಲ ಕಡೇನೂ. ಒಂದು ಉದಾಹರಣೆ ಕೊಡು ನೋಡೋಣ."

ಗೇಟಿನವನು ಬಂದು ಏನೋ ಕೇಳಿದ. ಇವಳು ತಿರುಗಿಯೂ ನೋಡದೆ 'ಒಂದು ನಿಮಿಷ' ಅಂತ ಕೈ ತೋರಿಸಿದಳು. ಅವನಿಗೆ ನಮ್ಮ ಭಾಷೆ ಗೊತ್ತಿಲ್ಲ, ಅಕ್ಕತಂಗಿಯರು ಬೀಳ್ಕೊಳ್ಳುತ್ತಿದ್ದಾರೆ ಅಂದುಕೊಂಡಿರಬೇಕು. ಇಷ್ಟು ವರ್ಷದಲ್ಲಿ ಇವಳು ಯಾರಿಗೂ ತಡಮಾಡಿಸಿದವಳಲ್ಲ, ನಂಬಿ ಹೋದ.

ಆಗ ಇವಳು ಕೇಳಿದಳು, "ಅಮ್ಮ ಕಾಲು ಮುರ್ಕೊಂಡ್ಳು ಅಂತ ನೀನೇ ಬರ್ದಿದ್ದೀಯಲ್ಲ, ಅಮ್ಮ ಬೇಕಂತ ಮುರ್ಕೊಂಡ್ಳಾ?"

ಅಪ್ಪಾ, ಉತ್ತರಕ್ಕಾಗಿ ಹುಡುಕಿದೆ. ಮೇಲೆ ನೋಡಿದೆ, ಬೂಟು ನೋಡಿದೆ. ಮೈಕಿನಲ್ಲಿ ಯಾರದೋ ಹೆಸರನ್ನು ಮೂರು ತುಂಡು ಮಾಡಿ ಕರೆಯುತ್ತಿದ್ದರು. ಅದು ನನ್ನದೇ ಅಂತ ಗೊತ್ತಾಯಿತು. ಇವಳಿಗೂ ಗೊತ್ತಾಗಿತ್ತು. ಇಬ್ಬರೂ ನಿಂತೇ ಇದ್ದೆವು. (ಅವಳು ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಪೂರ್ತಿ ನೋಡಬೇಕೆನಿಸಿತು. — ಹ್ರ)

ಆಮೇಲೆ ತಿರುಗಿದರೆ ಬಾಗಿಲು ಮುಚ್ಚಿತ್ತು. ಗೇಟಿನವನು ಇವಳಿಗೇ, ಇವಳದೇ ವಾಕ್ಯ ಹೇಳಿದ: ಮುಚ್ಚಿದ ಮೇಲೆ ಯಾರು ಬಂದರೂ ತೆರೆಯುವುದಿಲ್ಲ. (ನಾನು ಹೇಳುವಾಗ ಅಷ್ಟು ಒರಟಾಗಿ ಹೇಳುವುದಿಲ್ಲ. — ಹ್ರ) (ಹೇಳುತ್ತಾಳೆ. ಆಮೇಲೆ ಕೌಂಟರಿನಲ್ಲಿ ಕೂತು ಕೇಳಿದ್ದೇನೆ. — ದೀ)

ಹೀಗಾಗಿ ನಾಳೆ ಹನ್ನೊಂದಕ್ಕೆ ನಾನು ಅಲ್ಲಿರುವುದಿಲ್ಲ. ಮೇಡಂ ಅವರ ಹಟ ಏನೆಂದು ಗೊತ್ತಿದ್ದೂ ಹೀಗೆ ಮಾಡಿದೆ. ಅವರಿಗೆ ಹೇಗೆ ಹೇಳುತ್ತೀರೋ ತಿಳಿಯದು. ಬೈಯುವುದಿದ್ದರೆ ನನ್ನನ್ನು ಬೈಯಿರಿ. (ನನ್ನನ್ನೂ. — ಹ್ರ)

ನಾಳೆ ಮಧ್ಯಾಹ್ನದ ವಿಮಾನದಲ್ಲಿ ಎರಡು ಸೀಟು ಸಿಕ್ಕಿದೆ. (ರಜೆ ಇಲ್ಲ ಅಂತ ಬರೆದಿದ್ದೆ. ಕೇಳಿರಲಿಲ್ಲ. ಈಗ ಕೇಳಿದೆ, ಕೊಟ್ಟರು. — ಹ್ರ)

ನಿಮಗೆ ಕಳಿಸಿದ ಸಾಲಿನಲ್ಲಿ ಯಾವ ಕ್ರಿಯಾಪದ ಹಾಕಬೇಕು ಅಂತ ಎರಡು ಲೋಟ ಕಾಫಿಯಷ್ಟು ಹೊತ್ತು ಜಗಳವಾಡಿದೆವು. ಕೊನೆಗೆ ಇವಳು ಟೈಪು ಮಾಡಿದಳು. ನಾನು ತಿದ್ದಲಿಲ್ಲ.

ಇತಿ,
ದೀರ್ಘ
ಹ್ರ.

ಏಪ್ರಿಲ್ ೧೬, ಕತ್ತಲಾಗುವ ಮುಂಚೆ

ದೀರ್ಘಳಿಗೂ ಹ್ರಸ್ವಳಿಗೂ,

ಕಾಗದದ ಫೋಟೋ ಈಗಷ್ಟೇ ಓದಿದೆ. ನಿಮ್ಮ ಒಂದು ಸಾಲಿನ ಸಂದೇಶ ಬಂದಾಗ ನಾವು ಕ್ಷೌರದಂಗಡಿಯಲ್ಲಿದ್ದೆವು. ನಾನು ಕುರ್ಚಿಯಲ್ಲಿ, ಲೈಬ್ರರಿಯವರು ಬೆಂಚಿನಲ್ಲಿ. ನನ್ನ ಕನ್ನಡಕ ಕನ್ನಡಿಯ ಮುಂದಿತ್ತು, ಅದನ್ನು ಏರಿಸಿಕೊಂಡು ಗಟ್ಟಿಯಾಗಿ ಓದಿದೆ, ಯಾವ ಅಕ್ಷರಕ್ಕೂ ಒತ್ತು ಕೊಡದೆ:

'ವಿಮಾನ ತಪ್ಪಿಸಿಕೊಂಡೆವು.'

ಕತ್ತರಿ ನಿಂತಿತು. "ಅಯ್ಯೋ, ಹಾಗಾದ್ರೆ ನಾಳೆ?" ಎಂದರು ಅಂಗಡಿಯವರು. ಲೈಬ್ರರಿಯವರು ಅವರಿಗೆ ಸುಮ್ಮನಿರಿ ಎಂದು ಕೈ ಮಾಡಿ, "ಕೊನೇ ಅಕ್ಷರ ಇನ್ನೊಂದ್ಸಲ ಓದಿ" ಎಂದರು.

"ವು," ಎಂದೆ.

"ಸರಿಯಾಗಿ ನೋಡಿ. ಒಬ್ಬಳಾ, ಇಬ್ಬರಾ?"

"ಬಹುವಚನ."

ಅವರು ಎದ್ದು ಬೀದಿಗೆ ಹೋಗಿ, ಇಲ್ಲಿ ಇನ್ನೂ ಮುಚ್ಚಿರದ ರಿಜಿಸ್ಟ್ರಾರ್ ಕಚೇರಿಗೆ ಫೋನು ಮಾಡಿದರು. ಹೊರಗೆ ನಿಂತು ಜೋರು ದನಿಯಲ್ಲೇ ಮಾತಾಡಿದ್ದರಿಂದ ನಮಗೂ ಕೇಳಿಸಿತು. "ಮುಂದಕ್ಕೆ ಹಾಕಿ. ಇಲ್ಲ, ತೊಂದರೆ ಏನಿಲ್ಲ. ಒಬ್ಬ ಸಾಕ್ಷಿ ಹೆಚ್ಚಾಗಿದ್ದಾರೆ." ಸೋಮವಾರ ಹನ್ನೊಂದಕ್ಕೆ ಕೊಟ್ಟಿದ್ದಾರೆ. ಅಂಗಡಿಯವರಿಗೆ ಮಾತ್ರ ಸಮಾಧಾನವಿಲ್ಲ. ಇವತ್ತು ಮಾಡಿದ ಕಟಿಂಗು ಸೋಮವಾರದ ತನಕ ಹಾಗೇ ನಿಲ್ಲುವುದಿಲ್ಲವಂತೆ. ಇರುವ ಕೂದಲಿಗೆ ಅಷ್ಟು ಚಿಂತೆ ಬೇಡ ಎಂದೆ.

ಇನ್ನು ತೀರ್ಪು. ಏಕವಚನದಲ್ಲಿ ಆ ಕ್ರಿಯಾಪದಕ್ಕೆ ಎರಡು ಅರ್ಥವಿದೆ. ಆಗಲೂ ಇತ್ತು. ಎರಡರಲ್ಲಿ ಯಾವುದನ್ನು ಹೇಳಿದರೂ ನಿಮ್ಮಿಬ್ಬರಲ್ಲಿ ಒಬ್ಬಳನ್ನು ಫೇಲು ಮಾಡಬೇಕಿತ್ತು, ಅದಕ್ಕೇ ಪತ್ರಿಕೆಯನ್ನು ಪಕ್ಕಕ್ಕಿಟ್ಟೆ. ಬಹುವಚನದಲ್ಲೂ ಎರಡು ಅರ್ಥವೇ. ನೀವು ಯಾವುದನ್ನು ಇಟ್ಟುಕೊಂಡು ಬರೆದಿರಿ ಎಂದು ನಾನು ಕೇಳುವುದಿಲ್ಲ. ಪೂರ್ತಿ ಅಂಕ ಹಾಕಿದ್ದೇನೆ.

ನನ್ನ ಹಲ್ಲು ಜೋಪಾನ. ನಾಳೆ ಮಧ್ಯಾಹ್ನ ಗೇಟಿನ ಹತ್ತಿರ ಸಂಧಿ, ಸಮಾಸ ಏನೂ ಬೇಡ. ಮೊದಲು ಹತ್ತಿ ಕೂತುಕೊಳ್ಳಿ, ಆಮೇಲೆ ವಾದ ಮಾಡಿ.

ಸೋಮವಾರದ ತನಕ ಬರೀ ನಿಮ್ಮ,
ಅಪ್ಪ